ಬೆಳ್ಳಿ ಬಳಿದ ತಾಮ್ರದ ರೂಪಾಯಿ

ಗೋಕಾಕದ ಕಿರಾಣಿ ಸಾಹುಕಾರರು ಚಿಲ್ಲರೆಯಲ್ಲಿ ನನಗೆ ಖೊಟ್ಟಿ ರೂಪಾಯಿ ಕೊಟ್ಟರು. ನಾಣ್ಯವನ್ನು ಕಲ್ಲಿಗೆ ಬಡಿದು ನಾದ ಕೇಳುವುದು ಆಗಿನ ರೂಢಿ. ಆದರೆ ದಿನನಿತ್ಯದ ಅಂಗಡಿಯಲ್ಲಿ ಹಾಗೆ ಮಾಡಿದರೆ ಅವರಿಗೆ ಅವಮಾನವಾದೀತೆಂದು ನಾನು ಬಡಿಯಲಿಲ್ಲ.

ಮಿರಜಿನ ಅಕ್ಕನ ಮನೆಯಲ್ಲಿ ತಾಯಿ ಕಡೆಯುಸಿರು ಎಳೆಯುತ್ತಿದ್ದಳು. ಘಟಪ್ರಭಾ ಸ್ಟೇಶನ್ನಿನಲ್ಲಿ ಟಿಕೀಟು ಕೊಡುವವರು ಆ ರೂಪಾಯಿಯನ್ನು ಬಡಿದರು. ಅದು ಠಣ್ ಎನ್ನಲಿಲ್ಲ. ಅಂಚು ಕೆರೆದಾಗ ತಾಮ್ರ ಕೆಂಪಗೆ ಇಣುಕಿತು.

"ಇದು ನಡಿಯಂಗಿಲ್ರಿ. ಯಾರು ಕೊಟ್ಟಾರೋ ಅವರಿಗೇ ಕೊಡ್ರಿ."

"ನಮ್ಮವ್ವ ಸಾಯಾಕತ್ತಾಳ್ರಿ, ಕೈ ಮುಗಿತೀನಿ!"

"ನನ್ನ ನೌಕರಿ ಹೋಗತೈತ್ರಿ, ಕಾಕಾ."

ಬೇರೆ ಹಣವಿರಲಿಲ್ಲ. ಗಾಡಿ ಹೋಯಿತು. ಮರುದಿನ ಸಾಲದ ಹಣದಲ್ಲಿ ನಾನು ಮಿರಜ ಮುಟ್ಟುವ ಮೊದಲೇ ತಾಯಿಯನ್ನು ಮಣ್ಣು ಮಾಡಿದ್ದರು.

ಸಾಹುಕಾರರೇ, ಗಿರಾಕಿಗಳ ಪ್ರತಿಯೊಂದು ರೂಪಾಯಿಯನ್ನೂ ಕಟ್ಟೆಗೆ ಬಡಿದೇ ಗಲ್ಲೆಗೆ ಹಾಕುತ್ತಿದ್ದ ನೀವು, ಅದೊಂದನ್ನು ಮಾತ್ರ ಸದ್ದಿಲ್ಲದೆ ನನ್ನ ಅಂಗೈಯಲ್ಲಿ ಇಟ್ಟದ್ದೇಕೆ?