ಮೇಷ್ಟ್ರು ಹೊರಗೆ ಒದೆಸಿದ ಪೆನಾಲ್ಟಿ

ಹರಳೆಣ್ಣೆ ಸವರಿದ ಚರ್ಮದ ವಾಸನೆಯನ್ನು ಮೂಗು ಮರೆಯುವುದಿಲ್ಲ. ಹೋದ ವಾರ ಆನಂದಪುರದ ನನ್ನ ಪಂಕ್ಚರ್ ಅಂಗಡಿಗೆ ಡ್ರಿಲ್ ಮೇಷ್ಟ್ರ ಮಗಳು ಬಂದು, ಕೈಚೀಲದಿಂದ ಹಳೆಯ ಫುಟ್‌ಬಾಲ್ ತೆಗೆದಳು. ಹೊಸನಗರದ ಹೈಸ್ಕೂಲು ನೆನಪಾಯಿತು. ಜೊತೆಗೆ ಸಿಟ್ಟೂ ಬಂತು.

ನಮ್ಮ ಮೇಷ್ಟ್ರಿಗೆ ದೇವರೆಂದರೆ ಗೋಡೆಯ ಮೇಲಿದ್ದ ಒಂದು ಫೋಟೊ. ವಿಕ್ಟೋರಿಯಾ ರಾಣಿ ಕಾಲದ ಇಂಗ್ಲಿಷ್ ಆಟಗಾರ. ಗಿರಿಜಾ ಮೀಸೆ, ಮೊಣಕಾಲು ಮುಚ್ಚುವ ಚಡ್ಡಿ. ಜೀವಮಾನವಿಡೀ ಬಿಡಿಗಾಸೂ ಮುಟ್ಟದೆ ಆಡಿದನಂತೆ. ಪೆನಾಲ್ಟಿ ಸಿಕ್ಕರೆ ಬೇಕೆಂದೇ ಹೊರಗೆ ಒದೆಯುತ್ತಿದ್ದನಂತೆ. ಎದುರಾಳಿಯ ತಪ್ಪಿನಿಂದ ಲಾಭ ಪಡೆಯುವುದು ಸಜ್ಜನರಿಗೆ ಹೇಸಿಗೆಯಂತೆ... ಅವನ ಅಪ್ಪನಿಗೆ ಬಟ್ಟೆ ಗಿರಣಿ ಇತ್ತೆಂದು ಹೇಳಿದವರೂ ಮೇಷ್ಟ್ರೇ. ಗಿರಣಿ ಇದ್ದವನು ಗೆದ್ದರೇನು, ಸೋತರೇನು? ಅಷ್ಟು ಸಣ್ಣ ವಿಷಯ ಅವರ ದೊಡ್ಡ ತಲೆಗೆ ಹೊಳೆಯಲೇ ಇಲ್ಲ.

ಸಾಗರದಲ್ಲಿ ತೀರ್ಥಹಳ್ಳಿಯವರ ಮೇಲೆ ಫೈನಲ್. ಕ್ರೀಡಾ ಹಾಸ್ಟೆಲಿಗೆ ಹುಡುಗರನ್ನು ಆರಿಸುವವರು ಬಂದು ಕೂತಿದ್ದರು. ಅಲ್ಲಿ ಸೀಟು ಸಿಗದಿದ್ದರೆ ನಿನ್ನ ಓದು ಇಲ್ಲಿಗೆ ಮುಗೀತು ಎಂದು ಅಪ್ಪ ಹೇಳಿಬಿಟ್ಟಿದ್ದ. ಒಂದು ಗೋಲು ಹಿಂದಿದ್ದೆವು. ಕೊನೆಗಳಿಗೆಯಲ್ಲಿ ಪೆನಾಲ್ಟಿ ಸಿಕ್ಕಿತು. ಚೆಂಡಿಟ್ಟೆ. ಮೇಷ್ಟ್ರು ಗೆರೆಯ ಹತ್ತಿರ ಬಂದರು.

"ಹೊರಗೆ ಹೊಡಿ ಮಾರಾಯ. ನಾವು ಜಂಟಲ್‌ಮನ್‌ಗಳು."

"ಸಾರ್, ಹಾಸ್ಟೆಲ್ ಸೀಟು..."

"ಸೀಟು ಎಂತಕ್ಕೆ? ಮರ್ಯಾದೆ ದೊಡ್ದು."

ಹೊರಗೆ ಹೊಡೆದೆ. ತೀರ್ಥಹಳ್ಳಿಯ ಗೋಲ್‌ಕೀಪರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಹುಡುಗನಿಗೆ ಧೈರ್ಯ ಸಾಲದು ಎಂದು ಆರಿಸುವವರು ಬೇರೆಯವನನ್ನು ಕರೆದುಕೊಂಡರು. ನಿಜ ಏನೆಂದು ಅವರಿಗೆ ಹೇಳಿ ಸಾರ್ ಎಂದು ಬೇಡಿಕೊಂಡೆ. ಜಂಟಲ್‌ಮನ್ ತನ್ನ ದೊಡ್ಡತನ ತಾನೇ ಹೇಳಿಕೊಳ್ಳುವುದಿಲ್ಲ ಎಂದರು ಆ ಮಹಾನುಭಾವರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅವರಿಗೆ ತಿಂಗಳು ತಿಂಗಳು ಸಂಬಳ ಬರುತ್ತಲೇ ಇತ್ತು. ನಾನು ಶಾಲೆ ಬಿಟ್ಟು ಟ್ಯೂಬಿಗೆ ತೇಪೆ ಹಚ್ಚುವುದನ್ನು ಕಲಿತೆ.

"ಅಪ್ಪ ಹೋಗ್ಬಿಟ್ರು. ಇದನ್ನ ನಿಮಗೇ ಕೊಡ್ಬೇಕು ಅಂದಿದ್ರು," ಎಂದಳು ಮಗಳು. "ಆಟ ಅರ್ಥ ಆಗಿದ್ದು ನಿಮಗೊಬ್ಬರಿಗೇ ಅಂತ ಕೊನೇವರೆಗೂ ಹೇಳ್ತಿದ್ರು."

ನನಗೆ ಯಾವ ಮಣ್ಣೂ ಅರ್ಥವಾಗಿರಲಿಲ್ಲ. ಮೇಷ್ಟ್ರು ಹೇಳಿದರು, ಒದ್ದೆ, ಅಷ್ಟೇ. ಎಂದಾದರೂ ಸಿಕ್ಕರೆ ಅವರ ಮುಖಕ್ಕೇ ಹೇಳಬೇಕೆಂದು ಕೂಡಿಟ್ಟಿದ್ದ ಮಾತೆಲ್ಲ ಈಗ ನನ್ನ ಬಾಯಲ್ಲೇ ಉಳಿಯಿತು... ಅವಳಿಗೆ ಟೀ ತರಿಸಿ ಕೊಟ್ಟೆ.

ಅವಳು ಹೋದ ಮೇಲೆ ಚೆಂಡಿಗೆ ಗಾಳಿ ತುಂಬಿದೆ. ಒಳಗಿನ ಟ್ಯೂಬು ತೂತಾಗಿತ್ತು, ಗಾಳಿ ನಿಲ್ಲಲಿಲ್ಲ. ತೇಪೆ ಹಚ್ಚುವುದು ನನಗೆ ಬರುವ ಒಂದೇ ಕೆಲಸ. ಹಚ್ಚಲಿಲ್ಲ.