ದುಭಾಷಿಯ ಬಗ್ಗೆ ಒಂದು ಸಾಲು

ಪುಟದ ಕೆಳಗೆ, ಎಡ ಮೂಲೆಯಲ್ಲಿ, ಬೇರೆ ಶಾಯಿಯಲ್ಲಿ ಬರೆದಿತ್ತು: 'ದುಭಾಷಿ ಗಿರಣಿಯ ಗುಮಾಸ್ತ. ಫಿರ್ಯಾದಿ ಗಿರಣಿಯ ಮಾಲೀಕ.'

ಅಮೆರಿಕದ ಪಶ್ಚಿಮದ ಸೀಮೆಗಳು ಇನ್ನೂ ರಾಜ್ಯಗಳಾಗಿರದ ಕಾಲದ ಒಬ್ಬ ನ್ಯಾಯಾಧೀಶರ ಟಿಪ್ಪಣಿ ಪುಸ್ತಕ ಅದು. ಗಲ್ಫಿನ ಅಲ್ ಐನ್‌ನಲ್ಲಿ ನಾನು ಸಹಾಯಕಿಯಾಗಿದ್ದ ಪ್ರೊಫೆಸರ್ ಆ ನ್ಯಾಯಾಧೀಶರ ಜೀವನಚರಿತ್ರೆ ಬರೆಯುತ್ತಿದ್ದರು. ಕೈಬರಹವನ್ನು ಟೈಪ್ ಮಾಡುವುದು ನನ್ನ ಕೆಲಸ. ನ್ಯಾಯಾಧೀಶರು ನಾಲ್ಕು ವರ್ಷದ ನೇಮಕದ ಮೇಲೆ ಪೂರ್ವದ ಊರಿನಿಂದ ಬಂದ ವಕೀಲರು. ಕುದುರೆಯ ಮೇಲೆ ಊರೂರು ಸುತ್ತಿ, ಅಂಗಡಿಯ ಅಟ್ಟದಲ್ಲೋ ಹೋಟೆಲಿನ ಊಟದ ಕೋಣೆಯಲ್ಲೋ ಕೋರ್ಟು ನಡೆಸುತ್ತಿದ್ದರು. ಎದುರು ನಿಂತವರಲ್ಲಿ ಅನೇಕರಿಗೆ ಅವರ ಭಾಷೆ ಬರುತ್ತಿರಲಿಲ್ಲ. ಹಾಗಾಗಿ ಪ್ರತಿ ಮೊಕದ್ದಮೆಯ ಕೊನೆಗೆ, ದುಭಾಷಿ ಯಾರ ಕೈಕೆಳಗಿನವನು ಎಂದು ಬರೆದಿಡುತ್ತಿದ್ದರು. ಕೊನೆಗೊಮ್ಮೆ ರೈಲ್ವೆ ಕಂಪನಿಯ ವಿರುದ್ಧ ತೀರ್ಪು ಕೊಟ್ಟರು. ಅವಧಿ ಮುಗಿಯುವ ಮೊದಲೇ ರಾಜಧಾನಿಯಿಂದ ಒಂದು ಪತ್ರ ಬಂತು, ಕೆಲಸ ಹೋಯಿತು.

ಇದನ್ನೆಲ್ಲ ತಿಂಗಳುಗಟ್ಟಲೆ ಟೈಪ್ ಮಾಡಿದ್ದೆ. ಏನೂ ಅನ್ನಿಸಿರಲಿಲ್ಲ.

ಒಮ್ಮೆ ರಜೆಗೆಂದು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಮನೆಗೆ ಬಂದಿದ್ದೆ. ಪಪ್ಪ ಕೆಲಸ ಮಾಡುವ ಕಂಪನಿಯ ಬಸ್ಸು ಬನಿಯಾಸ್ ಹತ್ತಿರ ರಸ್ತೆ ದಾಟುತ್ತಿದ್ದವನಿಗೆ ಬಡಿದು, ಅವನು ತೀರಿಕೊಂಡಿದ್ದ. ಡ್ರೈವರ್ ಪುತ್ತೂರು ಕಡೆಯ ಬ್ಯಾರಿ. ಊರಿನವರು ಸೇರಿ ಅವನಿಗೊಬ್ಬ ವಕೀಲರನ್ನು ಹಿಡಿದಿದ್ದರು. ಅವನ ಕನ್ನಡದ ಹೇಳಿಕೆಯನ್ನು ಇಂಗ್ಲಿಷಿಗೆ ತರಲು ಜನ ಬೇಕಿತ್ತು.

"ಒಂದು ಗಂಟೆಯ ಕೆಲಸ ಮಾರಾಯ್ತಿ, ಪುಣ್ಯ ಬರ್ತದೆ," ಎಂದು ಮಮ್ಮಿ ಕಳಿಸಿದರು.

ವಕೀಲರ ಕಚೇರಿಯ ಮೂಲೆಯಲ್ಲಿ ಕಂಪನಿಯ ಸೂಪರ್‌ವೈಸರ್ ಕೂತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ. ಕನ್ನಡವೂ ಬಾರದು. ನನ್ನನ್ನು ಕಂಡು, ಪಪ್ಪ ಹೇಗಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಬ್ರೇಕ್ ಸರಿ ಹಿಡೀತಾ ಇರ್ಲಿಲ್ಲ ತಂಗಿ," ಎಂದ ಡ್ರೈವರ್, ಮೂಲೆಯಲ್ಲಿ ಕೂತವನತ್ತ ನೋಡಿ. "ಬೆಳಿಗ್ಗೆಯೇ ಇವರ ಹತ್ರ ಹೇಳಿದ್ದೆ. ಎಂತ ಹೇಳಿದ್ರು ಗೊತ್ತುಂಟಾ? ಯಲ್ಲಾ, ಬೇಗ ಗಾಡಿ ತೆಗಿ ಅಂತ."

ಮೂಲೆಯಲ್ಲಿದ್ದವನು ನನ್ನನ್ನೇ ನೋಡುತ್ತಿದ್ದ. ಬ್ರೇಕ್ ಸರಿಯಿರಲಿಲ್ಲ ಎಂದಷ್ಟೇ ವಕೀಲರಿಗೆ ಹೇಳಿದೆ.

"ನಾನು ಅಷ್ಟುದ್ದ ಹೇಳಿದ್ದು. ಇಂಗ್ಲಿಷ್ ಇಷ್ಟು ಗಿಡ್ಡವಾ?" ಎಂದು ಅವನು ನಕ್ಕ. ನಕ್ಕದ್ದನ್ನು ಕಂಡು ಸೂಪರ್‌ವೈಸರನೂ ನಕ್ಕ. ನಾನು ಹಾಳೆಯ ಕೆಳಗೆ ದುಭಾಷಿಯೆಂದು ಸಹಿ ಹಾಕಿದೆ.

"ಲಾಯರಮ್ಮ ಬಂದ್ಳು, ಮೀನು ಬಡಿಸು," ಎಂದರು ಪಪ್ಪ, ನಾನು ಮನೆಗೆ ಬಂದಾಗ. ಅವರ ಫೋನ್ ರಿಂಗಾದಾಗಲೆಲ್ಲ ಕಂಪನಿಯವರೇ ಎಂದು ಕಿವಿಗೊಡುತ್ತಿದ್ದೆ. ಮಮ್ಮಿ, ನಾನು, ಹತ್ತನೇ ಕ್ಲಾಸಿನ ತಮ್ಮ, ಎಲ್ಲರ ವೀಸಾ ನಿಂತಿದ್ದು ಅವರ ಆ ಕೆಲಸದ ಮೇಲೆ. ಆದರೆ ನಾನು ಬರೆಸಿದ ಹೇಳಿಕೆಯ ಪ್ರಕಾರ, ಬ್ರೇಕ್ ಕೆಟ್ಟಿದೆಯೆಂದು ತಿಳಿದೂ ಯಾರಿಗೂ ಹೇಳದೆ ಬಸ್ಸು ಓಡಿಸಿದವನು ಆ ಡ್ರೈವರ್. ಜೈಲಿಗೆ ಅವನೊಬ್ಬನೇ ಹೋಗುತ್ತಾನೆ.

ಮನಸ್ಸು ಬೇರೆ ಕಡೆ ಹೊರಳಲೆಂದು ಲ್ಯಾಪ್‌ಟಾಪ್ ತೆರೆದೆ. ಗಿರಣಿಯ ಗುಮಾಸ್ತನ ಪುಟವೇ ಬಂತು. ಆ ನ್ಯಾಯಾಧೀಶರು ನನ್ನ ಬಗ್ಗೆ ಎಡ ಮೂಲೆಯಲ್ಲಿ ಏನು ಬರೆಯುತ್ತಿದ್ದರು ಎಂದು ಯೋಚಿಸಬೇಕಾಗಲೇ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ.

ಮರುದಿನ ಬೆಳಿಗ್ಗೆ ಪಪ್ಪನಿಗೆ ಹೇಳದೆ ಟ್ಯಾಕ್ಸಿ ಹಿಡಿದು ವಕೀಲರ ಕಚೇರಿಗೆ ಹೋದೆ. ಬಾಗಿಲು ತೆರೆದಿರಲಿಲ್ಲ, ಮೆಟ್ಟಿಲ ಮೇಲೆ ಕಾದೆ. ವಕೀಲರು ಬಂದ ಮೇಲೆ, ಬಿಟ್ಟಿದ್ದ ಮಾತುಗಳನ್ನು ಹೇಳಿಕೆಗೆ ಸೇರಿಸಿ, ನನ್ನ ಸಹಿಯ ಕೆಳಗೆ, ನನ್ನ ತಂದೆ ಇದೇ ಕಂಪನಿಯ ನೌಕರರು ಎಂದು ಬರೆದೆ.

"ಈ ಕೊನೆಯ ಸಾಲು ಬೇಕೇ?" ಎಂದು ವಕೀಲರು ಕೇಳಿದರು.

ಬೇಕು ಎಂದೆ. ತಾರೀಖು ತಪ್ಪಿ, ಎರಡು ಸಲ ಬರೆಯಬೇಕಾಯಿತು.