ಅತ್ತೆಯ ನೆಲಮಾಳಿಗೆ

ದುಷ್ಟನಾಗಲು ಮನಸಾರೆ ಪ್ರಯತ್ನಿಸಿ ಸೋತವನು ನಾನು. ಸೋಲಿಸಿದವರು ನನ್ನ ಹೆಂಡತಿಯ ತಾಯಿ ಕಮಲಮ್ಮನವರು. ಅದೂ ಒಂದೇ ಕಣ್ಣಿನಲ್ಲಿ.

ಹಳ್ಳಿಮೈಸೂರಿನ ಪಕ್ಕದಲ್ಲಿ ಹೊಲ, ಎಮ್ಮೆ ಎಂದುಕೊಂಡು ಇರುವ ಅತ್ತೆ ಹಾಸನದ ನಮ್ಮ ಮನೆಗೆ ಬಂದದ್ದು ಒಂದು ಕಣ್ಣಿನ ಪೊರೆ ತೆಗೆಸಲು. ಆಪರೇಷನ್ ಸುಸೂತ್ರವಾಯಿತು. ಬಗ್ಗಬೇಡಿ, ಭಾರ ಎತ್ತಬೇಡಿ, ಸೋಮವಾರ ತೋರಿಸುವವರೆಗೆ ಊರಿಗೆ ಹೋಗಬೇಡಿ ಎಂದರು ಡಾಕ್ಟರು. ಮೂರನೇ ದಿನಕ್ಕೇ ಅತ್ತೆ ಬ್ಯಾಗು ಹಿಡಿದು ನಿಂತರು.

"ನಮ್ಮೆಮ್ಮೆ ಮೈದ್ನನ ಕೈಗೆ ಹಾಲು ಕೊಡಾಕಿಲ್ಲ ಕಣವ್ವ. ನಾನ್ ಓಯ್ತೀನಿ."

"ಎಮ್ಮೆಗಿರೋ ಹಟವೇ ನಿನಗೂ! ಸುಮ್ನೆ ಕೂತ್ಕೊಳಮ್ಮ," ಎಂದಳು ನನ್ನ ಹೆಂಡತಿ ಸುಧಾ. ಅಲ್ಲಿಗೆ ತಾಯಿ ಮಗಳ ಮಾತು ನಿಂತಿತು.

ಆ ಮೌನ ತಾಳಲಾರದೆ ನಮ್ಮ ಮಗಳು ಅನಘಾ ತನ್ನ ಕಾರ್ಡಿನ ಡಬ್ಬಿ ತಂದಳು. ಈ ಆಟದಲ್ಲಿ ಆಡುವವರೆಲ್ಲ ರಾಕ್ಷಸರು. ಕಾರ್ಡಿಗೆ ಕಾರ್ಡು ಜೋಡಿಸಿ ತಂತಮ್ಮ ನೆಲಮಾಳಿಗೆಯಲ್ಲಿ ಕೋಣೆಗಳನ್ನು ಕಟ್ಟಬೇಕು. ಕೋಣೆಯಲ್ಲಿ ಚಿನ್ನವೋ ಕತ್ತಿಯೋ ಪುಸ್ತಕವೋ ಒಂದು ಆಮಿಷ. ಜೊತೆಗೆ ಮುಳ್ಳು, ಬೆಂಕಿ, ಹಾವು. ಊರಿಗೆ ಬರುವ ವೀರರು ತಮ್ಮ ಆಸೆಯ ವಸ್ತು ಯಾರ ನೆಲಮಾಳಿಗೆಯಲ್ಲಿ ಹೆಚ್ಚಿದೆಯೋ ಅಲ್ಲಿಗೆ ನುಗ್ಗುತ್ತಾರೆ. ಒಳಗೇ ಮುಗಿದರೆ ನಮಗೆ ಲಾಭ. ಬದುಕಿ ಕೊನೆ ಮುಟ್ಟಿದರೆ ನಮಗೇ ಏಟು. ಚಿತ್ರಗಳೆಲ್ಲ ಹಿಂದೆ ಟಿ.ವಿ.ಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮಿನಂತೆ ಚೌಕ ಚೌಕ.

ಅತ್ತೆ ಕಪ್ಪು ಕನ್ನಡಕದ ಹತ್ತಿರಕ್ಕೆ ಒಂದು ಕಾರ್ಡು ಹಿಡಿದರು. "ಬಟ್ಟೆ ಮ್ಯಾಲೆ ಕಸೂತಿ ಹಾಕ್ದಂಗದೆ ಮಗ. ನಂಗೂ ಹಾಕು ಒಂದ್ ಕೈ. ಗೆದ್ರೆ ಶುಕ್ರವಾರದ ಬಸ್ಸಿಗೆ ಓಯ್ತೀನಿ, ಯಾರೂ ತಡೀಬಾರ್ದು."

ಸುಧಾ ತಕ್ಷಣ ಒಪ್ಪಿದಳು. ನನ್ನ ಬುದ್ಧಿಯ ಮೇಲೆ ಅವಳಿಗೆ ಆ ಒಂದು ದಿನ ನಂಬಿಕೆ ಬಂದಿತ್ತು.

ನಾನು ಇತಿಹಾಸದ ಮೇಷ್ಟ್ರು. ಕಾರ್ಡು ಇಳಿಸುವ ಮೊದಲು ಪೀಠಿಕೆ ಹಾಕದಿದ್ದರೆ ಹೇಗೆ? ದೊಡ್ಡಗದ್ದವಳ್ಳಿಯ ಗುಡಿಯಲ್ಲಿ ಕಾಳಿಯ ಬಾಗಿಲಿಗೆ ಬೇತಾಳಗಳನ್ನು ನಿಲ್ಲಿಸಿದ ಶಿಲ್ಪಿ ಬಂದವರನ್ನು ಹೆದರಿಸುತ್ತಿದ್ದನೋ, ಕುತೂಹಲ ಕೆರಳಿಸಿ ಒಳಗೆ ಕರೆಯುತ್ತಿದ್ದನೋ ಎಂದು ವಿವರಿಸತೊಡಗಿದೆ. ನಾನು ಹೊಯ್ಸಳರ ಕಾಲದಿಂದ ವಾಪಸ್ಸು ಬರುವಷ್ಟರಲ್ಲಿ ಅತ್ತೆ ಎರಡು ಕೋಣೆ ಕಟ್ಟಿ, ಒಬ್ಬ ವೀರನನ್ನು ಮುಗಿಸಿದ್ದರು.

ನಾನು ಚಿನ್ನದ ಕೋಣೆಗಳನ್ನೇ ಸಾಲಾಗಿ ಕಟ್ಟಿದೆ. ವೀರರು ಮದುವೆ ಊಟಕ್ಕೆ ಬಂದಂತೆ ಬಂದರು, ಸುಖವಾಗಿ ದಾಟಿದರು, ನನಗೆ ಬಾರಿಸಿದರು.

"ಅಳಿಯಂದ್ರೆ," ಎಂದರು ಅತ್ತೆ, "ಇಲಿ ಬೋನ್ಗೆ ಸುಟ್ಟ ಕೊಬ್ರಿ ಕಟ್ಟೋದು ಸರಿ. ಬಾಗ್ಲೇ ಬೀಳ್ದಿದ್ರೆ ಇಲೀಗೆ ಊಟ ಹಾಕ್ದಂಗಾಯ್ತು, ಅಷ್ಟೇಯ."

ಸ್ನಾನ ಮಾಡದೆ ತೊಟ್ಟು ನೀರು ಕುಡಿಯದ ಆ ಸಾಧ್ವಿ, ಒಬ್ಬೊಬ್ಬ ವೀರ ಬಂದಾಗಲೂ "ಬಾ ನನ್ನಪ್ಪ, ಬಾ" ಎಂದು ನುಣ್ಣಗೆ ಕರೆದು, ಅವನು ಮುಳ್ಳಿಗೆ ಬಿದ್ದೊಡನೆ ತೊಡೆ ತಟ್ಟಿ ನಗುತ್ತಿದ್ದರು. ಮೊದಲು ಅನಘಾ ಸೋತಳು. ಆಮೇಲೆ ನಾನು.

ಶುಕ್ರವಾರ ಬೆಳಿಗ್ಗೆ ಸುಧಾ ಜಗಳ ತೆಗೆಯಲಿಲ್ಲ. ಚಿತ್ರಾನ್ನ ಕಟ್ಟಿಕೊಟ್ಟು ಮೃದುವಾಗಿ ಹೇಳಿದಳು: "ಹೋಗ್ಬಾಮ್ಮ. ಪಕ್ಕದ್ಮನೆ ಪದ್ಮಕ್ಕ ಮಾತ್ರ ಒಂದು ಮಾತಂದ್ರು. ಅಳಿಯನೇ ಪಾಪ ಅಂತ ಆಟ ಬಿಟ್ಕೊಟ್ಟಿದ್ದಾರೆ, ಇಲ್ದಿದ್ರೆ ನಿಮ್ಮಮ್ಮ ಎಲ್ಲಿ ಗೆಲ್ತಿದ್ರು ಅಂದ್ರು."

ಅತ್ತೆ ಬ್ಯಾಗು ಕೆಳಗಿಟ್ಟರು. "ಅಂಗಂದ್ಲಾ? ಕರಿ ಅವಳ್ನ."

ಪದ್ಮಕ್ಕ ಶನಿವಾರ ಸೋತರು. ಭಾನುವಾರ ತಂಗಿಯನ್ನೂ ಕರೆತಂದು, ಇಬ್ಬರೂ ಸೋತರು. ಅತ್ತೆಯ ಬಾಯಲ್ಲಿ ಎಮ್ಮೆಯ ಸುದ್ದಿಯೇ ಬರಲಿಲ್ಲ. ಸೋಮವಾರ ಡಾಕ್ಟರು ಕಣ್ಣು ನೋಡಿ, ಇಷ್ಟು ಚೆನ್ನಾಗಿ ವಿಶ್ರಾಂತಿ ಪಡೆಯುವ ರೋಗಿಗಳು ಅಪರೂಪ ಎಂದು ಹೊಗಳಿದರು.

ವಾಪಸ್ಸು ಬರುವಾಗ ಆಟೋದಲ್ಲಿ ನಾವಿಬ್ಬರೇ. ನನಗೆ ತಡೆಯಲಾಗಲಿಲ್ಲ. ಪದ್ಮಕ್ಕ ಹಾಗೆ ಅಂದೇ ಇರಲಿಲ್ಲ, ಎಲ್ಲ ನಿಮ್ಮ ಮಗಳ ಕಟ್ಟುಕತೆ ಎಂದು ಚಾಡಿ ಹೇಳಿಬಿಟ್ಟೆ.

ಅತ್ತೆ ಹೊಸ ಕಣ್ಣಿನಿಂದ ನನ್ನನ್ನೇ ನೋಡಿದರು. "ಅವತ್ತೇ ಗೊತ್ತಾಯ್ತು ಅಳಿಯಂದ್ರೆ. ನೆಟ್ಟಗೆ ಇರು ಅಂದಿದ್ರೆ ಜಗಳ ಆಡಿ ಓಗ್ತಿದ್ದೆ. ಪಾಪ, ಸುಳ್ಳೇಳಿ ಉಳಿಸ್ಕಂಡ್ಳು. ಮಗ್ಳು ಅಷ್ಟು ಕಷ್ಟಬಿದ್ದಿರೋವಾಗ ಗೊತ್ತಿಲ್ದಂಗೆ ಸೋತ್ಬುಡ್ಬೇಕು."

ಇಷ್ಟು ವರ್ಷಗಳಲ್ಲಿ ಸುಧಾಳ ಎದುರು ನಾನು ಗೆದ್ದಿರುವ ವಾದಗಳೆಲ್ಲ ಒಂದೊಂದಾಗಿ ನೆನಪಾಗಿ, ಯಾಕೋ ಬಹಳ ಮುಜುಗರವಾಯಿತು.